ಕಿಚ್ಚಿಗೆ ಒಂದು ಸಂಜೆ

ಒಲೆಯಲ್ಲಿರುವುದು ಬೆಂಕಿ, ಇಲ್ಲವೇ ಉರಿ. ದೇವರ ಮುಂದೆ ದೀಪ, ಹೋಮದಲ್ಲಿ ಅಗ್ನಿ. ಕಿಚ್ಚು ಎಂಬ ಪದ ಮಾತ್ರ ದಿನದ ಮಾತಿನಲ್ಲಿ ಕೇಡನ್ನೇ ಹೊತ್ತು ಬರುತ್ತದೆ. ಪಕ್ಕದವರ ಏಳಿಗೆ ಕಂಡರೆ ಹೊಟ್ಟೆಕಿಚ್ಚು, ಬೇಸಿಗೆಯ ಗುಡ್ಡದಲ್ಲಿ ಕಾಡ್ಗಿಚ್ಚು. 12ನೇ ಶತಮಾನದಲ್ಲಿ ಬಸವಣ್ಣನವರು ಸಿಟ್ಟು ಸುಡುವ ಬಗೆಯನ್ನು ಹೇಳಲು ಆರಿಸಿಕೊಂಡದ್ದೂ ಇದೇ ಪದವನ್ನು. ಪತ್ರಿಕೆಗಳು ಬರೆಯುವ ಹೋರಾಟದ ಕಿಚ್ಚಿನಲ್ಲಿ ಮೆಚ್ಚುಗೆಯೇನೋ ಇದೆ, ಆದರೆ ಬಳಸಿ ಬಳಸಿ ಅದರ ಬಿಸಿ ಆರಿಹೋಗಿದೆ.

ಇಷ್ಟು ಅಂಜಿಕೆಯ ಪದವನ್ನು ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಒಕ್ಕಲು ಮಕ್ಕಳು ವರ್ಷಕ್ಕೊಂದು ಸಂಜೆ ನಗುನಗುತ್ತಾ ಕರೆಯುತ್ತಾರೆ. ಸಂಕ್ರಾಂತಿಯ ಮಧ್ಯಾಹ್ನವೇ ಹುಡುಗರ ಪ್ರಶ್ನೆ ಶುರು: "ಕಿಚ್ಚಾಯ್ಸದು ಎಷ್ಟೊತ್ಗ?"

ಅಷ್ಟರಲ್ಲಿ ದನಗಳ ಮೈ ತೊಳೆದಾಗಿರುತ್ತದೆ. ಈ ಜಿಲ್ಲೆಯ ಹೊಲಗಳಲ್ಲೇ ಬೆಳೆಯುವ ಅರಿಶಿನ ಬಿಳಿ ಎತ್ತಿನ ಬೆನ್ನಿಗೆ ಏರುತ್ತದೆ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ ಮತ್ತು ಚೆಂಡು ಹೂವಿನ ಹಾರ. ಹೆಂಗಸರು ಎಳ್ಳುಬೆಲ್ಲ ಹಂಚಿ ಮುಗಿಸಿ, ಹುಗ್ಗಿಯ ಊಟವೂ ಆಗಿ, ಹೊತ್ತು ಇಳಿಯುವಾಗ ಊರ ದಾರಿಗೆ ಅಡ್ಡಲಾಗಿ ಒಣಹುಲ್ಲು ಹರಡುತ್ತಾರೆ. ಬೆಂಕಿ ಇಟ್ಟೊಡನೆ ಕೂಗು ಏಳುತ್ತದೆ. ಹಗ್ಗ ಹಿಡಿದವನೂ ಎತ್ತೂ ಒಟ್ಟಿಗೇ ಉರಿ ದಾಟುತ್ತಾರೆ. ದೃಷ್ಟಿ ಕಳೆಯುತ್ತದೆ ಎನ್ನುವವರಿದ್ದಾರೆ, ಮೈಗೆ ಕಚ್ಚಿದ ಉಣ್ಣೆ ಉದುರುತ್ತದೆ ಎನ್ನುವವರೂ ಇದ್ದಾರೆ. ಇವೆರಡಕ್ಕಿಂತ ದೊಡ್ಡದು ಕಣ್ಣಿಗೆ ಕಾಣುವ ಸಂಗತಿ: ವರ್ಷವಿಡೀ ನೊಗ ಹೊತ್ತ ಜೀವ ಅಂದು ಊರ ನಡುವೆ ಮೆರೆಯುತ್ತದೆ.

ಹುಡುಗರ ಬಾಯಿಯ 'ಕಿಚ್ಚಾಯ್ಸದು' ಎಂದರೆ ಕಿಚ್ಚು ಹಾಯಿಸುವುದು. ಹಾಯು ಎಂದರೆ ದಾಟು. ಊರ ಹಬ್ಬಗಳಲ್ಲಿ ಹರಕೆ ಹೊತ್ತವರು ಕೊಂಡ ಹಾಯುವುದೂ ಈ ಕಡೆ ಉಂಟು. ಕೊಂಡವನ್ನು ಮನುಷ್ಯ ತಾನೇ ಹಾಯುತ್ತಾನೆ, ಕಿಚ್ಚನ್ನು ದನದಿಂದ ಹಾಯಿಸುತ್ತಾನೆ. ನಡುವೆ ಸೇರಿದ 'ಇಸು' ಎಂಬ ಪುಟ್ಟ ಪ್ರತ್ಯಯದಲ್ಲಿ ಹಗ್ಗ ಹಿಡಿದ ಆ ಕೈ ಇದೆ. ದನದ ಅಂಜಿಕೆಯನ್ನು ಬಲ್ಲ ಕೈ ಅದು. ಬೆದರಿದ ಕರುವನ್ನೂ ಗಬ್ಬದ ಹಸುವನ್ನೂ ಎಳೆಯದೆ ಪಕ್ಕದಿಂದ ದಾಟಿಸುವವನೇ ಒಳ್ಳೆಯ ಒಕ್ಕಲಿಗ.

ಎರಡು ನಿಮಿಷದಲ್ಲಿ ಹುಲ್ಲು ಬೂದಿ. ಇದು ಹಬ್ಬದ ಕಿಚ್ಚು.

ಇನ್ನೊಂದು ಕಿಚ್ಚೂ ಇದೇ ಸೀಮೆಯದು. 2019ರ ಫೆಬ್ರುವರಿಯಲ್ಲಿ, ಅಂದರೆ ಸಂಕ್ರಾಂತಿ ಕಳೆದು ತಿಂಗಳು ಚಿಲ್ಲರೆ ದಿನಕ್ಕೆ, ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತಲೂ ಹೊಗೆ ಎದ್ದಿತು. ಒಣಗಿದ ಲಂಟಾನ ಪೊದೆಗಳಲ್ಲಿ ಹಿಡಿದ ಉರಿಯನ್ನು ಅರಣ್ಯ ಸಿಬ್ಬಂದಿ, ಊರಿನವರು, ದೂರದಿಂದ ಬಂದ ಸ್ವಯಂಸೇವಕರು ಹಸಿ ಸೊಪ್ಪಿನಿಂದ ಬಡಿದು ಆರಿಸಿದರು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದವು. ಬೇಸಿಗೆಗೆ ಮೊದಲೇ ಅಂಚಿನ ಹುಲ್ಲು ಸವರಿ ಬೆಂಕಿರೇಖೆ ಮಾಡುವ ಕೆಲಸ ಅಲ್ಲಿ ಪ್ರತಿವರ್ಷ ನಡೆಯುತ್ತದೆ. ಹಬ್ಬದ ಕಿಚ್ಚಿಗೆ ಊರೇ ಕಾವಲು, ಕಾಡ್ಗಿಚ್ಚಿಗೆ ಕಾವಲು ಹಾಕಿದಷ್ಟೂ ಸಾಲದು.

ಕಾಡಂಚಿನ ಊರುಗಳವರಲ್ಲಿ ಒಂದು ಕೋರಿಕೆ. ಈ ಸಂಕ್ರಾಂತಿಗೂ ಕಿಚ್ಚು ಹಾಯಿಸಿ, ಆ ಮಾತನ್ನು ಮಕ್ಕಳ ಬಾಯಲ್ಲಿ ಉಳಿಸಿ. ದನ ಕೊಟ್ಟಿಗೆ ಸೇರಿದ ಮೇಲೆ ಆ ಬೂದಿಯ ಮೇಲೆ ಎರಡು ಕೊಡ ನೀರು ಹುಯ್ದು ಮನೆಗೆ ಹೋಗಿ.