ಇಂಡೊನೇಷ್ಯಾದ ಇಕ್ಕತ್ ಕೈಮಗ್ಗ ವಸ್ತ್ರಗಳು ಮತ್ತು ಅವುಗಳ ವಿನ್ಯಾಸಗಳು

ನೇಯ್ಗೆಗೆ ಮುನ್ನವೇ ನೂಲಿನ ಎಳೆಗಳನ್ನು ವಿನ್ಯಾಸಕ್ಕೆ ಅನುಗುಣವಾಗಿ ಬಿಗಿದು ಕಟ್ಟಿ, ಬಣ್ಣದಲ್ಲಿ ಅದ್ದಿ, ಅನಂತರ ಮಗ್ಗಕ್ಕೆ ಏರಿಸುವ ವಿಧಾನವನ್ನು ಇಕ್ಕತ್ ಎಂದು ಕರೆಯಲಾಗುತ್ತದೆ. ಮಲಯ ಭಾಷೆಯ ಈ ಪದಕ್ಕೆ 'ಕಟ್ಟು' ಎಂದು ಅರ್ಥ. ಕಟ್ಟಿದ ಭಾಗಕ್ಕೆ ಬಣ್ಣ ತಗಲುವುದಿಲ್ಲ. ಆದುದರಿಂದ ಚಿತ್ರವು ಬಟ್ಟೆಯ ಮೇಲಲ್ಲ, ಎಳೆಯಲ್ಲಿಯೇ ಇರುತ್ತದೆ.

ಪೂರ್ವ ಸುಂಬಾ ದ್ವೀಪದ 'ಹಿಂಗ್ಗಿ' ಈ ಪೈಕಿ ಹೆಸರಾದುದು. ಇದು ಪುರುಷರು ಸೊಂಟಕ್ಕೆ ಸುತ್ತುವ ಹಾಗೂ ಹೆಗಲಿಗೆ ಹೊದೆಯುವ ಹತ್ತಿ ವಸ್ತ್ರವಾಗಿದ್ದು, ಇದರಲ್ಲಿ ಹಾಸಿನ ಎಳೆಗಳಿಗೆ ಮಾತ್ರ ಕಟ್ಟು ಹಾಕಲಾಗುತ್ತದೆ. ನೀಲಿಯನ್ನು ನೀಲಿಗಿಡದಿಂದಲೂ, ಕೆಂಪನ್ನು ನೋನಿ ಮರದ ಬೇರಿನಿಂದಲೂ ಪಡೆಯಲಾಗುತ್ತದೆ. ಕೆಂಪು ನಿಲ್ಲಬೇಕಾದರೆ ನೂಲನ್ನು ಮೊದಲು ಕೆಮಿರಿ ಬೀಜದ ಎಣ್ಣೆಯಲ್ಲಿ ನೆನೆಸಿ, ಲೋಧ್ರ ಜಾತಿಯ ಮರದ ಎಲೆ, ತೊಗಟೆಗಳನ್ನು ಬಳಸಬೇಕು. ಇದು ತಿಂಗಳುಗಟ್ಟಲೆ ನಡೆಯುವ ಕೆಲಸ. ಹಿಂದೆ ಕೆಂಪು ಹಿಂಗ್ಗಿಯು ಕುಲೀನ ಮನೆತನಗಳಿಗೆ ಮೀಸಲಾಗಿತ್ತು.

ಇಲ್ಲಿನ ವಿನ್ಯಾಸಗಳು ಕೇವಲ ಅಲಂಕಾರವಲ್ಲ. ಮೊಸಳೆಯು ಅರಸನನ್ನು, ಕುದುರೆಯು ಐಶ್ವರ್ಯವನ್ನು, ಪೊರೆ ಕಳಚುವ ಸಿಗಡಿಯು ಮರಣಾನಂತರದ ಬದುಕನ್ನು ಸೂಚಿಸುತ್ತವೆ. 'ಆಂಡುಂಗ್' ಎಂಬ ಕಪಾಲ ವೃಕ್ಷವು, ಯುದ್ಧದಲ್ಲಿ ಹತರಾದ ಶತ್ರುಗಳ ತಲೆಗಳನ್ನು ಗ್ರಾಮದ ನಡುವೆ ತೂಗುಹಾಕುತ್ತಿದ್ದ ಕಾಲದ ಗುರುತು. ಡಚ್ಚರ ಲಾಂಛನದ ಸಿಂಹವೂ ಈ ಸಾಲಿಗೆ ಸೇರಿದೆ. ಕುಲೀನರು ಮೃತರಾದಾಗ ದೇಹವನ್ನು ಇಂತಹ ಹಲವು ವಸ್ತ್ರಗಳಲ್ಲಿ ಸುತ್ತಿ ಸಮಾಧಿ ಮಾಡುವ ಪದ್ಧತಿಯಿದೆ.

'ಪಟೋಲ ರತು' ವಿನ್ಯಾಸದ ಮೂಲವು ಭಾರತದ್ದು. 17 ಮತ್ತು 18ನೇ ಶತಮಾನಗಳಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯು ಗುಜರಾತಿನ ಪಟೋಲ ರೇಷ್ಮೆಯನ್ನು ಈ ದ್ವೀಪಗಳಿಗೆ ಸಾಗಿಸುತ್ತಿತ್ತು. ಸ್ಥಳೀಯ ಅರಸರು ಅದನ್ನು ನಿಧಿಯಂತೆ ಕಾಯ್ದಿರಿಸುತ್ತಿದ್ದರು.

ಪಟೋಲದಂತೆ ಹಾಸು, ಹೊಕ್ಕು ಎರಡಕ್ಕೂ ಕಟ್ಟು ಹಾಕುವ ಜೋಡಿ ಇಕ್ಕತ್ತಿಗೆ ಬಾಲಿಯ ತೆಂಗನಾನ್ ಗ್ರಾಮವು ಪ್ರಸಿದ್ಧವಾಗಿದೆ. ಅಲ್ಲಿನ 'ಗೆರಿಂಗ್‌ಸಿಂಗ್' ವಸ್ತ್ರದ ಹೆಸರಿಗೆ 'ರೋಗವಿಲ್ಲದ' ಎಂಬ ಅರ್ಥ ಹೇಳಲಾಗುತ್ತದೆ. ಅದು ಧರಿಸಿದವರನ್ನು ಕೇಡಿನಿಂದ ಕಾಯುತ್ತದೆಂಬ ನಂಬಿಕೆಯಿದೆ.

ಇತ್ತೀಚಿನ ದಶಕಗಳಲ್ಲಿ ಸುಂಬಾ ವಿನ್ಯಾಸಗಳ ಅನುಕರಣೆಗಳು ಜಾವಾದ ಜೆಪಾರಾ ಪ್ರದೇಶದ ತ್ರೊಸೊ ಗ್ರಾಮದಲ್ಲಿ ಕಡಿಮೆ ವೆಚ್ಚದಲ್ಲಿ ತಯಾರಾಗುತ್ತಿವೆ. ಅವೂ ನೇಯ್ದ ಬಟ್ಟೆಗಳೇ. ಆದರೆ ಸುಂಬಾದ ಹೆಸರಿನಲ್ಲಿ ಮಾರಾಟವಾದಾಗ, ಬೇರಿನ ಬಣ್ಣಕ್ಕೆ ತಿಂಗಳುಗಳನ್ನು ವ್ಯಯಿಸಿದ ಮಹಿಳೆಗೆ ನ್ಯಾಯವಾದ ಬೆಲೆ ದೊರೆಯುವುದಿಲ್ಲ. ಅಚ್ಚು ಹಾಕಿದ ನಕಲನ್ನು ಗುರುತಿಸುವುದು ಸುಲಭ. ಖರೀದಿಸುವವರು ಬಟ್ಟೆಯನ್ನು ಮಗುಚಿ ನೋಡತಕ್ಕದ್ದು. ನೈಜ ಇಕ್ಕತ್ತಿನಲ್ಲಿ ಚಿತ್ರವು ಎರಡೂ ಬದಿಗಳಲ್ಲಿ ಸಮನಾಗಿ ಕಾಣುತ್ತದೆ ಹಾಗೂ ಅಂಚುಗಳು ತುಸು ಕದಡಿರುತ್ತವೆ. ಅಚ್ಚಿನ ಬಟ್ಟೆಯ ಹಿಂಬದಿಯು ಸಾಮಾನ್ಯವಾಗಿ ಮಸುಕಾಗಿರುತ್ತದೆ.