ಕೈಗುಣದ ಚರಿತ್ರೆ

ವೈದ್ಯನು ಮುಟ್ಟಿದೊಡನೆ ರೋಗಿಗೆ ನೆಮ್ಮದಿಯೆನಿಸಿದರೆ ‘ಆತನ ಕೈಗುಣ ಒಳ್ಳೆಯದು’ ಎನ್ನುವುದು ಕನ್ನಡಿಗರ ರೂಢಿ. ಮೂರು ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುವ ನಮ್ಮ ಡೆಂಕಣಿಕೋಟೆಯಲ್ಲಿ ಇದನ್ನೇ ತೆಲುಗರು ‘ಹಸ್ತವಾಸಿ’ ಎಂದೂ ತಮಿಳರು ‘ಕೈರಾಶಿ’ ಎಂದೂ ಕರೆಯುವರು. ಈ ಮೂರು ಮಾತುಗಳಲ್ಲಿಯೂ ಔಷಧದ ಹೆಸರಿಲ್ಲ, ಕೈಯ ಹೆಸರಿದೆ. ಆ ಕೈಗೆ ಒಂದು ದೀರ್ಘವಾದ ಚರಿತ್ರೆಯುಂಟು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅಭ್ಯಂಗವನ್ನು ದಿನಚರಿಯ ಭಾಗವಾಗಿ ವಿಧಿಸಲಾಗಿದೆ. ಅಚ್ಚಿಗೆ ಕೀಲೆಣ್ಣೆ ಹೇಗೋ ದೇಹಕ್ಕೆ ತೈಲ ಹಾಗೆ ಎಂಬುದು ಅಲ್ಲಿಯ ಹೋಲಿಕೆ. ಸ್ಪರ್ಶೇಂದ್ರಿಯದ ನೆಲೆ ಚರ್ಮ. ಅಲ್ಲಿ ವಾಯುವೇ ಪ್ರಧಾನ. ಆದುದರಿಂದ ವಾತವನ್ನು ಶಮನಗೊಳಿಸಲು ಚರ್ಮವೇ ದ್ವಾರ ಎಂದು ಅದು ತರ್ಕಿಸುತ್ತದೆ. ಇಂದಿನ ಶರೀರಶಾಸ್ತ್ರದ ಪರಿಭಾಷೆ ಬೇರೆಯಾದರೂ, ಮುಟ್ಟುವುದು ಕೇವಲ ಸ್ನಾಯುವಿನ ವ್ಯವಹಾರವಲ್ಲವೆಂಬ ಅರಿವು ಅಷ್ಟು ಹಿಂದೆಯೇ ಇದ್ದಿತೆಂಬುದು ಗಮನಾರ್ಹ.

ಕನ್ನಡನಾಡಿನಲ್ಲಿ ಈ ವಿದ್ಯೆಯ ಅರಮನೆಯ ಮುಖವನ್ನು ನಮಗೆ ತೋರಿಸುವವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. 1129ರ ಸುಮಾರಿಗೆ ರಚಿತವಾದ ಅವನ ಮಾನಸೋಲ್ಲಾಸವು ಅರಸನ ಇಪ್ಪತ್ತು ಉಪಭೋಗಗಳಲ್ಲಿ ಸ್ನಾನದೊಡನೆ ಪಾದಾಭ್ಯಂಗಕ್ಕೂ ಪ್ರತ್ಯೇಕ ಸ್ಥಾನವಿತ್ತಿದೆ. ಅದೇ ಗ್ರಂಥವು ಮಲ್ಲರ ವಿನೋದವನ್ನೂ ವಿವರಿಸುತ್ತದೆ.

ಅರಮನೆಯಿಂದ ಗರಡಿಗೆ ದೂರ ಹೆಚ್ಚಿರಲಿಲ್ಲ. ಮೈಸೂರು ಅರಸರ ಆಶ್ರಯದಲ್ಲಿ ಬೆಳೆದ ಜಟ್ಟಿಗಳು ವಜ್ರಮುಷ್ಟಿ ಕಾಳಗಕ್ಕೆ ಹೆಸರಾದವರು. ಅದೇ ಕುಲದವರು ತೆಲುಗು ಸೀಮೆಯಲ್ಲಿ ಮೈ ನೀವಿ, ತೈಲ ತಿಕ್ಕಿ ನರನೋವುಗಳನ್ನು ಗುಣಪಡಿಸುತ್ತಿದ್ದರೆಂದು ಥರ್ಸ್ಟನ್ನನು 1909ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಹೊಡೆತದ ಮರ್ಮವನ್ನು ಬಲ್ಲ ಕೈಯೇ ನೋವಿನ ಮರ್ಮವನ್ನೂ ಬಲ್ಲದು! 1799ರಲ್ಲಿ ಟಿಪ್ಪು ಸುಲ್ತಾನನು ಮಡಿಯುವವರೆಗೂ ನಮ್ಮ ಈ ಸೀಮೆಯು ಮೈಸೂರಿನ ಆಳ್ವಿಕೆಗೇ ಸೇರಿದ್ದಿತಾದುದರಿಂದ ಈ ಪರಂಪರೆ ನಮಗೆ ಹೊರಗಿನದಲ್ಲ.

ಆದರೆ ಗ್ರಂಥಕರ್ತರು ಮರೆತ ಕೈಗಳೂ ಉಂಟು. ಬಾಣಂತಿಗೆ ಎಣ್ಣೆನೀರು ಎರೆದು, ನೀಡಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ಅಂಗಾಂಗಗಳನ್ನು ನೀವಿದ ಅಜ್ಜಿಯರ ಹೆಸರನ್ನು ಯಾವ ದೊರೆಯೂ ಬರೆಸಲಿಲ್ಲ. ಅರಸನ ಉಪಭೋಗವು ಪುಸ್ತಕದಲ್ಲಿ ಉಳಿಯಿತು. ಅಜ್ಜಿಯ ವಿದ್ಯೆ ಕೈಯಿಂದ ಕೈಗೆ ಬಂದಿತು.

ಪಶ್ಚಿಮದಲ್ಲಿ ಸ್ವೀಡನ್ನಿನ ಲಿಂಗ್ ಎಂಬುವನು 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅಂಗಸಾಧನೆಯ ವಿದ್ಯಾಲಯವನ್ನು ಸ್ಥಾಪಿಸಿದನು. 1894ರಲ್ಲಿ ಲಂಡನ್ನಿನ ನಾಲ್ವರು ದಾದಿಯರು ಅಂಗಮರ್ದನಕ್ಕೆ ಅಂಟಿದ್ದ ಅಪಕೀರ್ತಿಯನ್ನು ತೊಡೆಯಲು ಒಂದು ಸಂಘವನ್ನು ಕಟ್ಟಿ, ಶಿಕ್ಷಣವನ್ನೂ ಪರೀಕ್ಷೆಯನ್ನೂ ಏರ್ಪಡಿಸಿದರು. ಇಂದಿನ ಫಿಸಿಯೋಥೆರಪಿಯು ಹೀಗೆ ಬೆಳೆಯಿತು.

ಈ ಎರಡು ಹೊಳೆಗಳ ಸಂಗಮವನ್ನು ಕಾಣಲು ನಾವು ದೂರ ಹೋಗಬೇಕಾಗಿಲ್ಲ; ವೆಲ್ಲೂರು ಸಾಕು. ಅಲ್ಲಿಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಪಾಲ್ ಬ್ರಾಂಡ್ ಅವರು 1940ರ ದಶಕದ ಕೊನೆಯಲ್ಲಿ ಕುಷ್ಠದಿಂದ ಮುರುಟಿದ ಬೆರಳುಗಳಿಗೆ ಶಸ್ತ್ರಚಿಕಿತ್ಸೆಯನ್ನಾರಂಭಿಸಿದರು. ಸ್ನಾಯುರಜ್ಜುವನ್ನು ಸ್ಥಳಾಂತರಿಸುವುದು ಅರ್ಧ ಕೆಲಸ. ಆ ಬೆರಳಿಗೆ ಹೊಸ ಚಲನೆಯನ್ನು ದಿನದಿನವೂ ಕಲಿಸುವುದು ಉಳಿದರ್ಧ. ಲೋಕವು ಮುಟ್ಟಲೊಲ್ಲದ ಕೈಗಳನ್ನು ಹಿಡಿದು ಅಲ್ಲಿ ಪಾಠ ಹೇಳಲಾಯಿತು.

ಅದೇ ಸಂಸ್ಥೆಯ ಡಾ. ಮೇರಿ ವರ್ಗೀಸರು 1954ರ ವಾಹನಾಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಬಲವನ್ನು ಕಳೆದುಕೊಂಡರು. ಆದರೂ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ನಡೆಸಿದರು. ನ್ಯೂಯಾರ್ಕಿನಲ್ಲಿ ತರಬೇತಿ ಪಡೆದು ಮರಳಿದರು. 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರವು ತೆರೆಯಲು ಕಾರಣರಾದರು. ರೋಗಿಯೇ ವೈದ್ಯಳಾಗಿ, ಪರರನ್ನು ಗುಣಪಡಿಸುವುದರಲ್ಲಿ ತನ್ನ ಬಾಳನ್ನೂ ಕಟ್ಟಿಕೊಂಡ ನಿದರ್ಶನವಿದು.

ಹಳೆಯದೆಂದ ಮಾತ್ರಕ್ಕೆ ಎಲ್ಲವೂ ಗ್ರಾಹ್ಯವಲ್ಲ. ಮುರಿದ ಎಲುಬನ್ನು ಎಕ್ಸ್‌ರೇ ನೋಡದೆ ನೀವುವುದೂ, ರಕ್ತದ ಓಟ ನಿಲ್ಲುವಷ್ಟು ಬಿಗಿಯಾಗಿ ಕಟ್ಟುವುದೂ ಅಂಗವನ್ನೇ ಕಳೆಯಬಲ್ಲ ಕೆಲಸಗಳು. ಹಾಗೆಯೇ, ರೋಗಿಯನ್ನು ಮುಟ್ಟದೆ ಕಾಗದವನ್ನಷ್ಟೇ ನೋಡಿ ಕಳುಹುವ ವೈದ್ಯವೂ ಅಪೂರ್ಣವೇ. ಕೈಗುಣವು ಅದೃಷ್ಟದ ಮಾತಲ್ಲ. ಅದು ಕರುಣೆಯೂ ಶಿಕ್ಷಣವೂ ಒಂದೇ ಅಂಗೈಯಲ್ಲಿ ಕೂಡಿದುದರ ಫಲ. ಅಜ್ಜಿಯ ಕೈಯನ್ನು ಗೌರವಿಸಿ, ಶಾಸ್ತ್ರದ ಕಣ್ಣನ್ನು ಅದಕ್ಕೆ ಜೋಡಿಸುವುದು ನಮ್ಮ ತಲೆಮಾರಿನ ಕರ್ತವ್ಯ.