ಶಾಸನಪಾಠವೂ ಯಂತ್ರಪ್ರಶ್ನೆಯೂ: ಜಮಖಂಡಿ-ಮುಧೋಳ ಸೀಮೆಯ ಕೆಲವು ನಿದರ್ಶನಗಳು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯ ಪ್ರಾಚೀನ ಚರಿತ್ರೆಯನ್ನು ಅಭ್ಯಸಿಸ ಹೊರಟವರಿಗೆ ಮೊದಲು ಎದುರಾಗುವ ತೊಡಕು ಸಾಮಗ್ರಿಯ ಚೆದರಿಕೆ. 1948ರ ವಿಲೀನದವರೆಗೆ ಮುಧೋಳವು ಘೋರ್ಪಡೆಯವರ ಸಂಸ್ಥಾನವಾಗಿತ್ತು, ಜಮಖಂಡಿ ಪಟವರ್ಧನರದಾಗಿತ್ತು, ರಬಕವಿ ಸಾಂಗಲಿಗೆ ಸೇರಿತ್ತು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯೊಳಗಿತ್ತು. ಇವೆಲ್ಲವೂ ಬಾಗಲಕೋಟೆ ಜಿಲ್ಲೆಯೆಂಬ ಒಂದೇ ಹೆಸರಿನಡಿ ಬಂದುದು 1997ರಲ್ಲಿ. ಹೀಗಾಗಿ ಈ ಊರುಗಳ ಹೆಸರುಗಳು ಪ್ರಕಟಿತ ಗ್ರಂಥಗಳಲ್ಲಿ ಒಂದೊಂದೆಡೆ ಒಂದೊಂದು ರೂಪದಲ್ಲಿ ದೊರೆಯುತ್ತವೆ.

ಇಂಥ ಸಾಮಗ್ರಿಯನ್ನು ಈಗ ಗಣಕಯಂತ್ರದಲ್ಲಿ ಎಕ್ಸ್‌ಎಂಎಲ್ ಎಂಬ ಕ್ರಮದಿಂದ ಬರೆದಿಡುವ ಪದ್ಧತಿ ಬೆಳೆದಿದೆ. ಪಾಠದ ಒಂದೊಂದು ಭಾಗಕ್ಕೂ ಇದು ಊರು, ಇದು ಕಾಲ, ಇದು ದಾನಿಯ ಹೆಸರು ಎಂದು ಗುರುತು ಹಚ್ಚುವುದೇ ಆ ಕ್ರಮ. ಸಾಹಿತ್ಯಪಾಠಗಳಿಗೆ ಇಂಥ ಗುರುತುಗಳನ್ನು ಗೊತ್ತುಪಡಿಸುವ ಯತ್ನ ಅಮೆರಿಕದ ಪೊಕೀಪ್ಸಿಯಲ್ಲಿ 1987ರಲ್ಲಿ ನಡೆದ ವಿದ್ವತ್ಸಭೆಯಿಂದ ಆರಂಭವಾಯಿತು. ಎಕ್ಸ್‌ಎಂಎಲ್ 1998ರಲ್ಲಿ ಅಂಗೀಕೃತವಾಯಿತು. ಅದರಲ್ಲಿ ಬರೆದುದನ್ನು ಪ್ರಶ್ನಿಸುವ ಎಕ್ಸ್‌ಕ್ವೆರಿ ಭಾಷೆ 2007ರಲ್ಲಿ. ಶಾಸನಗಳಿಗೆಂದೇ ಎಪಿಡಾಕ್ ಎಂಬ ಪದ್ಧತಿಯೂ ರೂಢಿಗೆ ಬಂದಿದೆ. ಪ್ರಶ್ನಭಾಷೆಯಲ್ಲಿ ಹುಡುಕುವುದಕ್ಕೆ, ಎಣಿಸುವುದಕ್ಕೆ, ಅಕ್ಷರ ಬದಲಿಸುವುದಕ್ಕೆ ಸಿದ್ಧವಾದ ಫಂಕ್ಷನ್‌ಗಳು ಒಳಗೇ ಇರುತ್ತವೆ. ಇವು ಕನ್ನಡ ಶಾಸನಗಳ ವಿಷಯದಲ್ಲಿ ಎಷ್ಟರಮಟ್ಟಿಗೆ ನಂಬತಕ್ಕವು ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಮೊದಲು ಹೆಸರಿನ ಮಾತು. ಕವಿರತ್ನ ರನ್ನನು ತನ್ನ ಊರನ್ನು ಮುದುವೊಳಲೆಂದೂ ಅದು ಜಂಬುಖಂಡಿ ಎಪ್ಪತ್ತರೊಳಗಿನದೆಂದೂ ಹೇಳಿಕೊಂಡಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಒಂದು ಪಾಠದೊಳಗೆ ಇನ್ನೊಂದು ಅಕ್ಷರಸಾಲು ಇದೆಯೇ ಎಂದು ನೋಡುವ ಫಂಕ್ಷನ್ನಿಗೆ 'ಕಂಟೇನ್ಸ್' ಎಂದು ಹೆಸರು. ಅದಕ್ಕೆ 'ಮುಧೋಳ' ಎಂದು ಕೊಟ್ಟರೆ ಮುದುವೊಳಲು ಸಿಕ್ಕದು. 'ಜಮಖಂಡಿ' ಎಂದರೆ ಜಂಬುಖಂಡಿ ಸಿಕ್ಕದು. '70' ಎಂದರೆ ಎಪ್ಪತ್ತು ಸಿಕ್ಕದು. ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಆಂಗ್ಲ ಲೇಖನಗಳಲ್ಲಿ ಬಿಲ್ಗಿ ಎಂದಷ್ಟೇ ಬರೆದಿರುವಲ್ಲಿ ನಮ್ಮ ಬೀಳಗಿಯೂ, ಶ್ವೇತಪುರವೆಂದು ಹೆಸರಾಂತ ಉತ್ತರ ಕನ್ನಡದ ಬಿಳಗಿಯೂ ಒಂದೇ ರಾಶಿಯಲ್ಲಿ ಬಂದು ಬೀಳುತ್ತವೆ. ಸಂಪಾದಕನು ಪ್ರತಿಯೊಂದು ಊರಿಗೂ ಒಂದು ಸ್ಥಿರವಾದ ಗುರುತನ್ನು ಕೊಟ್ಟು, ಹೆಸರಿನ ಎಲ್ಲ ರೂಪಗಳನ್ನೂ ಅದಕ್ಕೆ ಕಟ್ಟಬೇಕು. ಪ್ರಶ್ನೆಯನ್ನು ಆ ಗುರುತಿಗೆ ಹಾಕಬೇಕು. ಆದರೆ ಮುದುವೊಳಲೇ ಮುಧೋಳವೆಂಬ ನಿರ್ಣಯ ಸಂಶೋಧಕನದು. ಅದನ್ನು ಯಾವ ಫಂಕ್ಷನ್ನೂ ಮಾಡಿಕೊಡಲಾರದು.

ಲಿಪಿಯ ತೊಡಕು ಇನ್ನೂ ಸೂಕ್ಷ್ಮವಾದುದು. 'ಮುಧೋಳ' ಎಂಬಲ್ಲಿ ನಾವು ಎಣಿಸುವುದು ಮೂರು ಅಕ್ಷರ. 'ಸ್ಟ್ರಿಂಗ್-ಲೆಂಗ್ತ್' ಎಂಬ ಫಂಕ್ಷನ್ ಐದು ಎನ್ನುತ್ತದೆ, ಸ್ವರಚಿಹ್ನೆಗಳನ್ನೂ ಬೇರೆಯಾಗಿ ಎಣಿಸುವುದರಿಂದ. ಓಕಾರದ ಚಿಹ್ನೆಯನ್ನು ಬಿಡಿಸಿ ಬರೆದಿದ್ದರೆ ಅದೇ ಶಬ್ದಕ್ಕೆ ಏಳು ಎಂದೂ ಹೇಳೀತು! ಕಣ್ಣಿಗೆ ಒಂದೇ ಆಗಿ ಕಾಣುವ ಈ ಎರಡು ಬರಹಗಳು ಯಂತ್ರಕ್ಕೆ ಎರಡು ಬೇರೆ ಶಬ್ದಗಳು. 'ನಾರ್ಮಲೈಜ್-ಯೂನಿಕೋಡ್' ಎಂಬುದರಿಂದ ಇವನ್ನು ಒಂದೇ ರೂಪಕ್ಕೆ ತರಬಹುದು. ಛಂದಸ್ಸಿನ ಮಾತ್ರಾಗಣನೆಗಂತೂ ಇದನ್ನು ನೇರವಾಗಿ ನೆಚ್ಚುವಂತಿಲ್ಲ.

ಅಂಕೆಗಳ ವಿಷಯದಲ್ಲಿಯೂ ಎಚ್ಚರ ಬೇಕು. '೯೧೫' ಎಂಬ ಕನ್ನಡ ಅಂಕಿಗಳನ್ನು ಯಂತ್ರ ಸಂಖ್ಯೆಯೆಂದು ಒಪ್ಪುವುದಿಲ್ಲ. 'ಟ್ರಾನ್ಸ್‌ಲೇಟ್' ಎಂಬ ಫಂಕ್ಷನ್ನಿನಿಂದ ಅವನ್ನು ಬದಲಿಸಿದ ಬಳಿಕ 78 ಕೂಡಿಸುವುದು ಸುಲಭ. ಅಜಿತಪುರಾಣದ ಶಕವರ್ಷ 915, ವಿಜಯ ಸಂವತ್ಸರವು ಹೀಗೆ ಕ್ರಿ. ಶ. 993 ಆಗುತ್ತದೆ, ಲೆಕ್ಕ ಸರಿಹೋಗುತ್ತದೆ. ಆದರೆ ಎಲ್ಲ ಶಾಸನಗಳಲ್ಲಿಯೂ ಹೀಗಾಗದು. ತಿಥಿಯು ಜನವರಿಯ ಈಚೆಗೆ ಬಿದ್ದರೆ 79 ಕೂಡಿಸಬೇಕು; ಉಕ್ತವಾದ ವರ್ಷ ಗತವಲ್ಲದೆ ವರ್ತಮಾನವಾಗಿದ್ದರೆ ಒಂದನ್ನು ಕಳೆಯಬೇಕು. ಸಂವತ್ಸರ, ತಿಥಿ, ವಾರಗಳನ್ನು ತಾಳೆನೋಡದೆ ಎಲ್ಲಕ್ಕೂ ಒಂದೇ ಸಂಖ್ಯೆಯನ್ನು ಕೂಡಿಸುತ್ತ ಹೋದವನು ನೂರು ಶಾಸನಗಳ ಕಾಲವನ್ನು ಒಂದು ಕ್ಷಣದಲ್ಲಿ ಕೆಡಿಸಬಲ್ಲನು.

ಇನ್ನು ರಬಕವಿಗೆ ಸಮೀಪದ ತೇರದಾಳದ ಪ್ರಸಿದ್ಧ ಶಾಸನ. ಫ್ಲೀಟ್ ಇದನ್ನು ಇಂಡಿಯನ್ ಆಂಟಿಕ್ವರಿಯ 14ನೆಯ ಸಂಪುಟದಲ್ಲಿ, 1885ರಲ್ಲಿ, ಪ್ರಕಟಿಸಿದನು. ಮಂಡಲಿಕ ಗೊಂಕನು ಮಾಡಿಸಿದ ನೇಮಿನಾಥ ಬಸದಿಯ ವಿಷಯ ಇದರಲ್ಲಿದೆ. ಒಂದೇ ಶಿಲೆಯ ಮೇಲೆ 12ನೆಯ ಶತಮಾನದ ಮೂರು ಬೇರೆ ಕಾಲಗಳ ಲೇಖಗಳಿವೆ. ಶಿಲೆ ಒಂದೇ ಎಂದು ಕಾಲದ ಗುರುತನ್ನೂ ಒಂದೇ ಹಚ್ಚಿದರೆ, ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ಪಟ್ಟಿಯಲ್ಲಿ ಅವನು ತೀರಿ ದಶಕಗಳಾದ ಮೇಲಿನ ದಾನಗಳೂ ಸೇರಿಬಿಡುತ್ತವೆ. 'ಕೌಂಟ್' ಎಂಬ ಫಂಕ್ಷನ್ ಒಂದು ಎನ್ನುವುದೋ ಮೂರು ಎನ್ನುವುದೋ ನಾವು ಹಾಕಿದ ವಿಭಾಗವನ್ನೇ ಅವಲಂಬಿಸಿದೆ. ಶಾಸನದ 'ತೇರಿದಾಳ' ಎಂಬ ರೂಪದ ಪಕ್ಕದಲ್ಲಿ ಈಗಿನ 'ತೇರದಾಳ'ವನ್ನೂ ಬರೆದಿಟ್ಟಲ್ಲಿ, ಎಚ್ಚರದಪ್ಪಿದ ಪ್ರಶ್ನೆ ಊರನ್ನು ಎರಡು ಸಲ ಎಣಿಸುವುದೂ ಉಂಟು.

ಎಲ್ಲಕ್ಕಿಂತ ನಮಗೆ ಭಯ ಹುಟ್ಟಿಸುವುದು ಪೂರಿತಪಾಠದ ಸಂಗತಿ. ಅಳಿಸಿಹೋದ ಅಕ್ಷರಗಳನ್ನು ಸಂಪಾದಕರು ಊಹೆಯಿಂದ ತುಂಬುತ್ತಾರೆ. ಅಚ್ಚಿನಲ್ಲಿ ಅವು ಕಂಸದೊಳಗಿರುತ್ತವೆ. ಎಪಿಡಾಕ್‌ನಲ್ಲಿ ಅವಕ್ಕೆ 'ಸಪ್ಲೈಡ್' ಎಂಬ ಗುರುತು. ಆದರೆ 'ಸ್ಟ್ರಿಂಗ್' ಎಂಬ ಫಂಕ್ಷನ್ ಒಳಗಿನ ಗುರುತುಗಳನ್ನೆಲ್ಲ ಕಳಚಿ ಬರಿಯ ಅಕ್ಷರಗಳನ್ನು ಸಾಲಾಗಿ ಕೊಡುತ್ತದೆ. ಆಗ ಸಂಪಾದಕನ ಊಹೆಯೂ ಕಲ್ಲಿನ ಮಾತೂ ಒಂದಾಗಿ, ಊಹೆಯೇ ಆಧಾರವಾಗಿ, ಮುಂದಿನವನ ಗ್ರಂಥದಲ್ಲಿ ಸಿದ್ಧಾಂತವಾಗಿ ಕೂಡುತ್ತದೆ. ವಿದ್ಯಾರ್ಥಿಗಳು ಪ್ರತಿ ಪ್ರಶ್ನೆಯನ್ನೂ ಎರಡು ಸಲ ಹಾಕಬೇಕೆಂದು ನಮ್ಮ ಸೂಚನೆ: ಪೂರಿತಪಾಠ ಸಹಿತ ಒಮ್ಮೆ, ಅದನ್ನು ಬಿಟ್ಟು ಒಮ್ಮೆ. ಎರಡು ಉತ್ತರಗಳಲ್ಲಿ ಅಂತರ ಕಂಡರೆ ಮುದ್ರಿತ ಪಾಠವನ್ನೂ, ಸಾಧ್ಯವಿದ್ದಲ್ಲಿ ಅಚ್ಚೊತ್ತಿದ ಪ್ರತಿಯನ್ನೂ ನೋಡಬೇಕು. ಉತ್ತರ ಸೊನ್ನೆಯೆಂದು ಬಂದಾಗ, ಆ ಹೆಸರು ಶಾಸನಗಳಲ್ಲಿಲ್ಲವೆಂದು ಬರೆಯುವ ಮೊದಲು, ಹೆಸರಿನ ಯಾವ ಯಾವ ರೂಪಗಳನ್ನು ಹುಡುಕಿದೆವೆಂಬ ಪಟ್ಟಿಯನ್ನು ಪ್ರಬಂಧದಲ್ಲಿಯೇ ಕೊಡಬೇಕು.